ಮೊದಲು ದೀಪ, ಅನಂತರ ಫಲಕ

ವಿದ್ಯುದ್ದೀಪದ ಇತಿಹಾಸದಲ್ಲಿ ನಮ್ಮ ನಾಡಿಗೆ ಹೆಮ್ಮೆಯ ಸ್ಥಾನವಿದೆ. ೧೯೦೨ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಹೀಗೆ ಬಹು ಮೊದಲೇ ವಿದ್ಯುತ್ತಿನ ಬೆಳಕನ್ನು ಕಂಡ ನಾಡಿನಲ್ಲಿ, ಘಟ್ಟದಂಚಿನ ಒಂಟಿ ಮನೆಗಳಿಗೂ ಕಾಡಿನ ನಡುವಣ ಹಾಡಿಗಳಿಗೂ ತಂತಿ ಮುಟ್ಟಲು ಮತ್ತೊಂದು ಶತಮಾನವೇ ಬೇಕಾಯಿತೆಂಬುದು ವಿಪರ್ಯಾಸವೇ ಸರಿ. ೨೦೧೭ರಲ್ಲಿ ಆರಂಭವಾದ ಕೇಂದ್ರ ಸರಕಾರದ ಸೌಭಾಗ್ಯ ಯೋಜನೆಯಿಂದ ಅಂಥ ಎಷ್ಟೋ ಮನೆಗಳು ಬೆಳಕು ಕಂಡವು. ಆದರೆ ತಂತಿ ಬಂದ ಮಾತ್ರಕ್ಕೆ ಕತ್ತಲೆ ತೊಲಗಿತೆನ್ನಲಾಗದು. ಆಷಾಢದ ಗಾಳಿಗೆ ಮರವೊಂದು ಉರುಳಿ ತಂತಿಯ ಮೇಲೆ ಬಿದ್ದರೆ ಮಲೆನಾಡಿನ ಮನೆಗಳು ಇಂದಿಗೂ ದಿನಗಟ್ಟಲೆ ಕತ್ತಲಲ್ಲಿ ಕೂಡಬೇಕಾಗುತ್ತದೆ. ಅಂಥಲ್ಲಿ ಸೂರ್ಯನ ಬೆಳಕನ್ನು ಹಗಲು ಕೂಡಿಟ್ಟು ಇರುಳು ಬಳಸುವ ಸೌರವಿದ್ಯುತ್ ವ್ಯವಸ್ಥೆಯೇ ಗತಿ.

ಈ ವ್ಯವಸ್ಥೆಯನ್ನು ಕೊಳ್ಳಲು ಹೊರಟವರು ಮೊದಲು ಕೇಳುವ ಪ್ರಶ್ನೆ ಒಂದೇ: "ಎಷ್ಟು ದೊಡ್ಡ ಫಲಕ ಹಾಕಿಸಬೇಕು?" ಎರಡನೆಯದು, "ಬ್ಯಾಟರಿ ಎಷ್ಟು ದೊಡ್ಡದಿರಬೇಕು?" ದೀಪದ ಮಾತು ಬರುವುದು ಕಟ್ಟಕಡೆಗೆ, ಎಷ್ಟೋ ವೇಳೆ ಬರುವುದೇ ಇಲ್ಲ. ಮನೆಯಲ್ಲಿರುವ ಹಳೆಯ ಬಲ್ಬನ್ನೇ ಸಿಕ್ಕಿಸಿದರಾಯಿತೆಂದು ಬಿಟ್ಟುಬಿಡುತ್ತಾರೆ. ಈ ಕ್ರಮವು ತಲೆಕೆಳಗಾದುದೆಂದೂ, ಮೊದಲು ಆರಿಸಬೇಕಾದುದು ದೀಪವನ್ನೇ ಎಂದೂ ತಿಳಿಸುವುದು ಈ ಲೇಖನದ ಉದ್ದೇಶ. ವಿದ್ಯುತ್ತು ನಾವು ಕಲಿತ ಶಾಸ್ತ್ರವಲ್ಲ. ನಮ್ಮ ವ್ಯಾಸಂಗವೆಲ್ಲ ವ್ಯಾಕರಣ, ಛಂದಸ್ಸು, ಹಳಗನ್ನಡಗಳಲ್ಲಿ ಕಳೆಯಿತು. ಆದರೆ ನಮ್ಮ ಕುಟುಂಬದಲ್ಲಿಯೇ ನಡೆದ ಒಂದು ಪ್ರಸಂಗ ನಮ್ಮನ್ನು ಈ ಲೆಕ್ಕಕ್ಕೆ ಎಳೆದು ಕೂಡಿಸಿತು. ಅಂದು ಕಲಿತದ್ದನ್ನು ಓದುಗರೊಡನೆ ಹಂಚಿಕೊಳ್ಳುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಒಂದು ಮಳೆಗಾಲದ ರಾತ್ರಿ

ನಾವು ಓದಿದ್ದು ಮಠದ ಪ್ರಸಾದನಿಲಯದಲ್ಲಿ. ಸಂಜೆಯ ಪ್ರಸಾದವಾದ ಮೇಲೆ ಪಡಸಾಲೆಯಲ್ಲಿ ಒಂದು ಲಾಟೀನಿನ ಸುತ್ತ ಎಂಟು ಹುಡುಗರು ಕುಳಿತು ಪಾಠ ಒಪ್ಪಿಸುತ್ತಿದ್ದೆವು. ಗಾಜಿಗೆ ಮಸಿ ಕಟ್ಟಿದ ಕಡೆ ಕುಳಿತವನಿಗೆ ಅಕ್ಷರ ಕಾಣುತ್ತಿರಲಿಲ್ಲ. ಅವನು ಪಕ್ಕದವನ ಬಾಯಿಂದ ಕೇಳಿಯೇ ಕಂಠಪಾಠ ಮಾಡಬೇಕು. ನಮ್ಮ ಕಾಲಕ್ಕೆ ಅದೇ ಸಹಜವಾಗಿತ್ತು. ಮುಂದಿನ ಪೀಳಿಗೆಯ ಮಕ್ಕಳೂ ಅದನ್ನೇ ಅನುಭವಿಸಬೇಕಾದೀತೆಂದು ನಾವು ಎಣಿಸಿರಲಿಲ್ಲ.

ನಮ್ಮ ಸೋದರಳಿಯನದು ಸಕಲೇಶಪುರದ ಆಚೆ ಘಟ್ಟದಂಚಿನಲ್ಲಿ ಸಣ್ಣದೊಂದು ಕಾಫಿ ತೋಟ. ತೋಟದ ನಡುವೆ ಒಂಟಿ ಮನೆ. ಅಲ್ಲಿಗೆ ಆಗ ತಂತಿ ಬಂದಿರಲಿಲ್ಲ. ೨೦೦೭ರಲ್ಲಿ ಆತನು ಬ್ಯಾಂಕಿನಿಂದ ಸಾಲ ಮಾಡಿ ಸೌರವಿದ್ಯುತ್ ವ್ಯವಸ್ಥೆಯನ್ನು ಹಾಕಿಸಿದನು. ೧೫೦ ವ್ಯಾಟಿನ ಫಲಕ, ೧೨ ವೋಲ್ಟಿನ ೧೨೦ ಆಂಪಿಯರ್-ಅವರ್ ಬ್ಯಾಟರಿ, ಒಂದು ಇನ್‌ವರ್ಟರ್. ಮಾರಿದವರು ಬಂದು ಫಲಕವನ್ನು ಹೆಂಚಿನ ಮೇಲೆ ಕೂರಿಸಿ, ಇನ್‌ವರ್ಟರನ್ನು ಗೋಡೆಗೆ ಹೊಡೆದು, "ಇನ್ನು ಪೇಟೆಯ ಮನೆಯಂತೆಯೇ ಯಾವ ಬಲ್ಬನ್ನಾದರೂ ಹಾಕಿಕೊಳ್ಳಿ" ಎಂದು ಹೇಳಿ ಹೋದರು. ಅಳಿಯನು ಸಂತೆಯಿಂದ ತಂತಿ ಕಾಯ್ದು ಉರಿಯುವ ಸಾಧಾರಣ ಬಲ್ಬುಗಳನ್ನೇ ತಂದನು. ನಡುಮನೆಗೆ ೬೦ ವ್ಯಾಟ್, ಅಡುಗೆಮನೆಗೂ ಮಗಳ ಕೋಣೆಗೂ ೪೦ ವ್ಯಾಟ್, ಕೊಟ್ಟಿಗೆಗೆ ೨೫ ವ್ಯಾಟ್. ರಾತ್ರಿಗೆಂದು ಜನರು 'ಜೀರೋ ಬಲ್ಬು' ಎನ್ನುವ ಸಣ್ಣ ದೀಪ.

ಬೇಸಗೆಯಲ್ಲಿ ಒಂದೊಂದೇ ದೀಪ ಹಾಕಿಕೊಂಡು ಹೇಗೋ ನಡೆಯಿತು. ಮಳೆಗಾಲ ಬಂದಂತೆ ರಾತ್ರಿ ಎಂಟಾಗುವಷ್ಟರಲ್ಲಿ ಇನ್‌ವರ್ಟರ್ ಕೀಚಲು ದನಿ ಮಾಡಿ ಬಾಯಿ ಮುಚ್ಚತೊಡಗಿತು. ಎರಡನೆಯ ಮಳೆಗಾಲಕ್ಕೆ ಬ್ಯಾಟರಿ ಸೊರಗಿತು; ಮೂರನೆಯದರಲ್ಲಿ, ಅಂದರೆ ೨೦೦೯ರ ಆಗಸ್ಟಿನಲ್ಲಿ, ಅದು ಪೂರ್ತಿ ಕೈಕೊಟ್ಟಿತು. ಅಟ್ಟ ಸೇರಿದ್ದ ಸೀಮೆಎಣ್ಣೆ ಬುಡ್ಡಿ ಮತ್ತೆ ಕೆಳಗಿಳಿಯಿತು. ಅಳಿಯನ ಮಗಳು ಆಗ ಏಳನೆಯ ತರಗತಿಯಲ್ಲಿದ್ದಳು. ಒಂದು ರಾತ್ರಿ ಓದುತ್ತ ತೂಕಡಿಸಿದಾಗ ಕೈ ತಗುಲಿ ಬುಡ್ಡಿ ಪುಸ್ತಕದ ಮೇಲೆ ಉರುಳಿತು. ತಾಯಿ ಓಡಿಬಂದು ಗೋಣಿತಾಟು ಹಾಕಿ ಆರಿಸಿದಳು. ಪುಣ್ಯಕ್ಕೆ ಮನೆಗೆ ಬೆಂಕಿ ಹತ್ತಲಿಲ್ಲ. ಆದರೆ ಹುಡುಗಿಯ ಬಲಗೈ ಬೆರಳುಗಳಲ್ಲಿ ಬೊಬ್ಬೆಗಳೆದ್ದು, ಆ ತಿಂಗಳ ಪರೀಕ್ಷೆಯನ್ನು ಅವಳು ಬರೆಯಲಾಗಲಿಲ್ಲ.

ಸುದ್ದಿ ತಿಳಿದು ನಾವು ಹೋದಾಗ ಅಳಿಯನು ಫಲಕದತ್ತ ಕೈತೋರಿಸಿ, "ಮಾವ, ಈ ಸೂರ್ಯನನ್ನು ನಂಬಿ ಕೆಟ್ಟೆ. ಇದು ನಮ್ಮ ಸೀಮೆಗೆ ಹೇಳಿಸಿದ್ದಲ್ಲ. ಸಾಲ ಇನ್ನೂ ತೀರಿಲ್ಲ, ಮನೆಯಲ್ಲಿ ನೋಡಿದರೆ ಬುಡ್ಡಿ ಉರಿಯುತ್ತಿದೆ" ಎಂದು ನೊಂದು ನುಡಿದನು. ನಮ್ಮ ಬಳಿ ಉತ್ತರವಿರಲಿಲ್ಲ. ಹಿಂದೆ ನಮ್ಮಲ್ಲಿ ಹಳಗನ್ನಡ ಓದಿ, ಅನಂತರ ತಾಂತ್ರಿಕ ಶಿಕ್ಷಣ ಪಡೆದು ಅಧ್ಯಾಪಕರಾಗಿದ್ದ ಒಬ್ಬರನ್ನು ಆ ದಸರೆಯ ರಜೆಯಲ್ಲಿ ತೋಟಕ್ಕೆ ಕರೆದೊಯ್ದೆವು. ಅವರು ಒಂದು ಹಾಳೆಯಲ್ಲಿ ಲೆಕ್ಕ ಹಾಕಿ ನಮ್ಮ ಮುಂದಿಟ್ಟರು. ಫಲಕದಲ್ಲಿ ಲೋಪವಿರಲಿಲ್ಲ, ಸೂರ್ಯನಲ್ಲಂತೂ ಇರಲಿಲ್ಲ. ಲೋಪವಿದ್ದದ್ದು ದೀಪದಲ್ಲಿ, ದೀಪಕ್ಕಿಂತಲೂ ಮಿಗಿಲಾಗಿ, ಗೋಡೆಯ ಮೇಲೆ ಸುಮ್ಮನೆ ಕುಳಿತಿದ್ದ ಇನ್‌ವರ್ಟರಿನಲ್ಲಿ.

ಬೆಳಕಿನ ಅಳತೆ ವ್ಯಾಟ್ ಅಲ್ಲ

ನಾವು ದೀಪವನ್ನು ವ್ಯಾಟ್‌ಗಳಲ್ಲಿ ಹೇಳಿ ರೂಢಿಯಾಗಿದ್ದೇವೆ. ವ್ಯಾಟ್ ಎಂಬುದು ದೀಪವು ತಿನ್ನುವ ವಿದ್ಯುತ್ತಿನ ಅಳತೆಯೇ ಹೊರತು ಕೊಡುವ ಬೆಳಕಿನದಲ್ಲ. ಬೆಳಕಿನ ಅಳತೆಗೆ ಲ್ಯೂಮೆನ್ ಎಂದು ಹೆಸರು. ಹಸು ಎಷ್ಟು ಮೇವು ತಿನ್ನುತ್ತದೆಂದು ಕೇಳಿ ಹಾಲನ್ನು ಅಂದಾಜು ಮಾಡುವವರುಂಟೇ? ಒಂದು ವ್ಯಾಟಿಗೆ ಎಷ್ಟು ಲ್ಯೂಮೆನ್ ಎಂದು ಕೇಳುವುದೇ ಜಾಣತನ.

ಸೀಮೆಎಣ್ಣೆಯ ಬುಡ್ಡಿ ಕೊಡುವುದು ಸುಮಾರು ಹತ್ತು ಲ್ಯೂಮೆನ್ ಮಾತ್ರ. ೬೦ ವ್ಯಾಟಿನ ಸಾಧಾರಣ ಬಲ್ಬು ಏಳುನೂರರ ಆಸುಪಾಸು ಕೊಡುತ್ತದೆ. ಎಂದರೆ ವ್ಯಾಟಿಗೆ ಹನ್ನೆರಡು. ತಿಂದ ವಿದ್ಯುತ್ತಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲನ್ನು ಅದು ಶಾಖವಾಗಿ ಕಳೆಯುವುದರಿಂದ, ಅದನ್ನು ಬೆಳಕೂ ಕೊಡುವ ಒಲೆಯೆಂದರೂ ತಪ್ಪಾಗದು. ಸಿಎಫ್‌ಎಲ್ ಎಂಬ ಸುರುಳಿ ದೀಪ ವ್ಯಾಟಿಗೆ ಐವತ್ತರಿಂದ ಅರುವತ್ತು ಲ್ಯೂಮೆನ್ ಕೊಡುತ್ತದೆ. ಇಂದಿನ ಒಳ್ಳೆಯ ಎಲ್‌ಇಡಿ ದೀಪ ನೂರನ್ನು ಸುಲಭವಾಗಿ ದಾಟುತ್ತದೆ.

ಈ ಎಲ್‌ಇಡಿಯ ಚರಿತ್ರೆಯೂ ಸ್ವಾರಸ್ಯಕರವಾದುದು. ಕಣ್ಣಿಗೆ ಕಾಣುವ ಕೆಂಪು ಬೆಳಕಿನ ಎಲ್‌ಇಡಿಯನ್ನು ಅಮೆರಿಕೆಯ ನಿಕ್ ಹೊಲೊನ್ಯಾಕ್ ಅವರು ೧೯೬೨ರಲ್ಲಿಯೇ ರೂಪಿಸಿದ್ದರು. ಆದರೆ ಬಿಳಿಯ ಬೆಳಕಿಗೆ ನೀಲಿ ಬೇಕು. ನೀಲಿ ಮೂರು ದಶಕಗಳ ಕಾಲ ವಿಜ್ಞಾನಿಗಳ ಕೈಗೆ ಸಿಗಲಿಲ್ಲ. ಜಪಾನಿನಲ್ಲಿ ಜನಿಸಿದ ಇಸಾಮು ಅಕಸಾಕಿ, ಹಿರೋಷಿ ಅಮಾನೊ, ಶೂಜಿ ನಕಮುರ ಈ ಮೂವರ ದುಡಿಮೆಯಿಂದ ೧೯೯೦ರ ದಶಕದ ಆರಂಭದಲ್ಲಿ ಪ್ರಖರವಾದ ನೀಲಿ ಎಲ್‌ಇಡಿ ಕೈಗೂಡಿತು. ಆ ನೀಲಿ ಬೆಳಕಿನ ಮುಂದೆ ಹಳದಿ ಬೆಳಕು ಸೂಸುವ ಲೇಪವನ್ನು ಹಚ್ಚಿದರೆ ಎರಡೂ ಬೆರೆತು ಬಿಳಿಯಾಗಿ ತೋರುತ್ತದೆ. ಇಂದು ನಮ್ಮ ಮನೆಗಳಲ್ಲಿರುವ ಎಲ್‌ಇಡಿಗಳಲ್ಲಿ ಬಹುಪಾಲು ಈ ಬಗೆಯವೇ. ೨೦೧೪ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಆ ಮೂವರಿಗೆ ಸಂದಿತು. ಮರುವರ್ಷ, ೨೦೧೫ರಲ್ಲಿ, ಭಾರತ ಸರಕಾರದ ಉಜಾಲಾ ಯೋಜನೆ ಆರಂಭವಾಗಿ ಎಲ್‌ಇಡಿ ಬಲ್ಬು ಸಾಮಾನ್ಯರ ಕೈಗೆಟುಕುವಂತಾಯಿತು.

ನಮ್ಮ ಅಳಿಯನು ಮೊದಲು ಸೌರವಿದ್ಯುತ್ ಹಾಕಿಸಿದ ೨೦೦೭ರಲ್ಲಿ ಎಲ್‌ಇಡಿ ಇನ್ನೂ ದುಬಾರಿ. ಅದರ ಬೆಳಕೂ ಇಂದಿನಷ್ಟಿರಲಿಲ್ಲ. ಅಂದಿಗೆ ಯೋಗ್ಯವಾಗಿದ್ದುದು ಬ್ಯಾಟರಿಯಿಂದ ನೇರವಾಗಿ ಉರಿಯುವ ಸಿಎಫ್‌ಎಲ್. ೨೦೦೯ರಲ್ಲಿ ಆ ಅಧ್ಯಾಪಕರು ಹಾಕಿಸಿಕೊಟ್ಟದ್ದೂ ಅದನ್ನೇ. ೨೦೧೬ರಲ್ಲಿ ಅವನ್ನೂ ತೆಗೆಸಿ ಎಲ್‌ಇಡಿ ಹಾಕಿಸಿದೆವು.

ಹತ್ತರಲ್ಲಿ ಒಂದು ಪಾಲು

ಇನ್ನು ಲೆಕ್ಕಕ್ಕೆ ಬರೋಣ. ಇದರಲ್ಲಿ ಕೂಡುವುದು, ಗುಣಿಸುವುದು, ಭಾಗಿಸುವುದು ಮಾತ್ರವುಂಟು. ಹೈಸ್ಕೂಲು ಓದುವ ಮಗಳನ್ನೋ ಮಗನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಯಾವ ಗೃಹಿಣಿಯೂ ಮಾಡಬಹುದು. ದೀಪದ ವ್ಯಾಟನ್ನು ಅದು ಉರಿಯುವ ಗಂಟೆಗಳಿಂದ ಗುಣಿಸಿದರೆ ವ್ಯಾಟ್-ಅವರ್ ಬರುತ್ತದೆ. ಅದೇ ಆ ದೀಪದ ದಿನದ ಊಟ.

ಹಳೆಯ ಬಲ್ಬುಗಳಾದರೆ: ನಡುಮನೆಯ ೬೦ ವ್ಯಾಟಿನದು ನಾಲ್ಕು ಗಂಟೆಗೆ ೨೪೦, ಅಡುಗೆಮನೆಯ ೪೦ ವ್ಯಾಟಿನದು ನಾಲ್ಕು ಗಂಟೆಗೆ ೧೬೦, ಓದುವ ಕೋಣೆಯದು ಮೂರು ಗಂಟೆಗೆ ೧೨೦, ಕೊಟ್ಟಿಗೆಯದು ಒಂದು ಗಂಟೆಗೆ ೨೫. 'ಜೀರೋ ಬಲ್ಬು' ಹೆಸರಿಗೆ ಸೊನ್ನೆಯಾದರೂ ಹನ್ನೆರಡು ವ್ಯಾಟಿನಷ್ಟು ತಿನ್ನುತ್ತದೆ. ಹತ್ತು ಗಂಟೆಗೆ ೧೨೦. ಒಟ್ಟು ೬೬೫ ವ್ಯಾಟ್-ಅವರ್.

ಎಲ್‌ಇಡಿಯಾದರೆ: ನಡುಮನೆಗೆ ೭ ವ್ಯಾಟ್, ೨೮, ಅಡುಗೆಮನೆಗೆ ೫ ವ್ಯಾಟ್, ೨೦, ಓದುವ ಮೇಜಿಗೆ ೩ ವ್ಯಾಟ್, ೯, ಕೊಟ್ಟಿಗೆಗೆ ೩ ವ್ಯಾಟ್, ೩, ರಾತ್ರಿಯ ದೀಪಕ್ಕೆ ಅರ್ಧ ವ್ಯಾಟ್, ೫. ಒಟ್ಟು ೬೫ ವ್ಯಾಟ್-ಅವರ್. ಹತ್ತರಲ್ಲಿ ಒಂದು ಪಾಲು ಮಾತ್ರ.

ಇದರ ಪರಿಣಾಮ ದೀಪದಲ್ಲಿಯೇ ನಿಲ್ಲುವುದಿಲ್ಲ. ಫಲಕದಲ್ಲಿ ಹುಟ್ಟಿದ ವಿದ್ಯುತ್ತು ತಂತಿ, ಚಾರ್ಜ್ ಕಂಟ್ರೋಲರ್, ಬ್ಯಾಟರಿಗಳನ್ನು ಹಾಯ್ದು ದೀಪಕ್ಕೆ ಬರುವಷ್ಟರಲ್ಲಿ ದಾರಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಸೋರಿಹೋಗುತ್ತದೆ. ಆದುದರಿಂದ ದೀಪಕ್ಕೆ ೬೫ ಬೇಕಾದರೆ ಫಲಕವು ೧೦೦ ದುಡಿಯಬೇಕು. ಬಯಲುಸೀಮೆಯಲ್ಲಿ ವರ್ಷದ ಸರಾಸರಿ ನೋಡಿದರೆ ದಿನಕ್ಕೆ ಐದು ಗಂಟೆಗೂ ಮಿಕ್ಕ ಪೂರ್ಣ ಬಿಸಿಲು ದೊರೆಯುತ್ತದೆ. ಆದರೆ ಘಟ್ಟದಂಚಿನಲ್ಲಿ ಮಳೆಗಾಲದ ದಿನವನ್ನೇ ಅಳತೆಗೋಲಾಗಿ ಹಿಡಿಯಬೇಕು. ನಾವು ಎರಡೂವರೆ ಗಂಟೆಯೆಂದು ಹಿಡಿದೆವು. ಆಗ ಎಲ್‌ಇಡಿಯ ಮನೆಗೆ ೪೦ ವ್ಯಾಟಿನ ಫಲಕ ಸಾಕು. ಹಳೆಯ ಬಲ್ಬುಗಳ ಮನೆಗೆ ೪೦೦ ವ್ಯಾಟಿನದು ಬೇಕು. ಬಿಸಿಲೇ ಕಾಣದ ಮೂರು ದಿನಗಳನ್ನು ತಳ್ಳಲು, ಸೀಸ-ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದೆಂಬ ನಿಯಮವನ್ನೂ ಪಾಲಿಸಿದರೆ, ಮೊದಲನೆಯ ಮನೆಗೆ ೪೦ ಆಂಪಿಯರ್-ಅವರ್ ಬ್ಯಾಟರಿ ಸಾಕು. ಎರಡನೆಯದಕ್ಕೆ ೩೭೦ ಬೇಕು. ಅಳಿಯನ ಬಳಿ ಇದ್ದುದು ೧೨೦. ಅದು ಕೆಟ್ಟದ್ದರಲ್ಲಿ ಆಶ್ಚರ್ಯವೇನು?

ದೀಪದಲ್ಲಿ ಉಳಿಸಿದ ಒಂದು ವ್ಯಾಟ್, ಫಲಕದಲ್ಲಿ ಒಮ್ಮೆ, ಬ್ಯಾಟರಿಯಲ್ಲಿ ಒಮ್ಮೆ, ಕೆಲವು ವರ್ಷಗಳಿಗೊಮ್ಮೆ ಬ್ಯಾಟರಿ ಬದಲಿಸುವಾಗ ಮತ್ತೊಮ್ಮೆ ಹಣ ಉಳಿಸುತ್ತದೆ. ಅಗ್ಗದ ಬಲ್ಬಿನಲ್ಲಿ ಐವತ್ತು ರೂಪಾಯಿ ಉಳಿಸಲು ಹೋಗಿ ಬ್ಯಾಟರಿಗೆ ಸಾವಿರಾರು ರೂಪಾಯಿ ತೆರುವುದು ಇದನ್ನು ಅರಿಯದುದರಿಂದಲೇ.

ಸುಮ್ಮನೆ ಕುಳಿತು ಉಣ್ಣುವ ಇನ್‌ವರ್ಟರ್

ಬ್ಯಾಟರಿಯಲ್ಲಿರುವುದು ನೇರ ವಿದ್ಯುತ್, ಅಂದರೆ ಡಿ.ಸಿ. ಪೇಟೆಯ ಮನೆಗೆ ತಂತಿಯಲ್ಲಿ ಬರುವುದು ಪರ್ಯಾಯ ವಿದ್ಯುತ್, ಅಂದರೆ ಎ.ಸಿ. ಮೊದಲನೆಯದನ್ನು ಎರಡನೆಯದಾಗಿ ಮಾರ್ಪಡಿಸುವುದೇ ಇನ್‌ವರ್ಟರಿನ ಕೆಲಸ. ಮಾರ್ಪಡಿಸುವಾಗ ಅದು ತನ್ನ ಪಾಲನ್ನು ಕಳೆಯುತ್ತದೆ. ಅಷ್ಟೇ ಅಲ್ಲ, ಒಂದು ದೀಪವೂ ಉರಿಯದಿರುವಾಗಲೂ ಚಾಲೂ ಇರುವ ಇನ್‌ವರ್ಟರ್ ಬ್ಯಾಟರಿಯಿಂದ ಹೀರುತ್ತಲೇ ಇರುತ್ತದೆ. ಅಳಿಯನ ಮನೆಯದನ್ನು ಅಳೆದು ನೋಡಿದಾಗ ಸುಮಾರು ಹನ್ನೆರಡು ವ್ಯಾಟ್. ಸಣ್ಣದೆಂದು ತೋರುತ್ತದೆ, ಆದರೆ ಇಪ್ಪತ್ತನಾಲ್ಕು ಗಂಟೆಗಳಿಂದ ಗುಣಿಸಿದರೆ ದಿನಕ್ಕೆ ೨೮೮ ವ್ಯಾಟ್-ಅವರ್! ೧೫೦ ವ್ಯಾಟಿನ ಆ ಫಲಕ ಮಳೆಗಾಲದಲ್ಲಿ ದಿನವಿಡೀ ದುಡಿದು ಬ್ಯಾಟರಿಗೆ ತುಂಬುತ್ತಿದ್ದುದೂ ಹೆಚ್ಚುಕಡಿಮೆ ಅಷ್ಟೇ. ಫಲಕದ ದುಡಿಮೆಯೆಲ್ಲ ಇನ್‌ವರ್ಟರಿನ ಊಟಕ್ಕೇ ಸರಿಹೋಗಿತ್ತು. ದೀಪದ ಪಾಲಿಗೆ ಉಳಿದದ್ದು ಸೊನ್ನೆ. ಬೆಳಕಿಲ್ಲದೆ ಮಗುವಿನ ಕೈ ಸುಟ್ಟ ರಾತ್ರಿಗಳ ನಿಜವಾದ ಕಾರಣ ಆ ಹಾಳೆಯ ಮೇಲೆ ಮೂರು ಸಾಲುಗಳಲ್ಲಿ ಇತ್ತು.

ಆದುದರಿಂದ ದೀಪ, ಮೊಬೈಲ್ ಚಾರ್ಜಿಂಗ್, ಒಂದು ಸಣ್ಣ ಫ್ಯಾನು, ಇಷ್ಟೇ ಬೇಕಾದ ಮನೆಗೆ ೧೨ ವೋಲ್ಟಿನ ಡಿ.ಸಿ. ದೀಪಗಳೇ ಲೇಸು. ಸೌಭಾಗ್ಯ ಯೋಜನೆಯಲ್ಲಿ ತಂತಿ ಹೋಗಲಾಗದ ದುರ್ಗಮ ಮನೆಗಳಿಗೆ ಕೊಟ್ಟ ಸೌರಸಲಕರಣೆಯಲ್ಲಿಯೂ ಐದು ಎಲ್‌ಇಡಿ ದೀಪ, ಒಂದು ಡಿ.ಸಿ. ಫ್ಯಾನು, ಒಂದು ಡಿ.ಸಿ. ಪ್ಲಗ್ಗು ಇದ್ದವು. ಮಿಕ್ಸರು, ಟಿ.ವಿ. ಮುಂತಾದವುಗಳಿಗೆ ಇನ್‌ವರ್ಟರ್ ಬೇಕೇ ಬೇಕಾದರೆ ಇರಲಿ; ದೀಪಗಳನ್ನು ಅದಕ್ಕೆ ಸೇರಿಸದೆ, ಕೆಲಸವಾದ ಕೂಡಲೆ ಅದರ ಸ್ವಿಚ್ಚನ್ನು ಆರಿಸುವ ರೂಢಿ ಮಾಡಿಕೊಳ್ಳಬೇಕು.

ಇಲ್ಲಿ ಎರಡು ಎಚ್ಚರಿಕೆಗಳಿವೆ. ಅಂಗಡಿಯಲ್ಲಿ ಎಲ್ಲೆಡೆ ಸಿಗುವ ೨೩೦ ವೋಲ್ಟಿನ ಎಲ್‌ಇಡಿ ಬಲ್ಬು ೧೨ ವೋಲ್ಟಿನ ತಂತಿಗೆ ಉರಿಯದು; ೧೨ ವೋಲ್ಟಿನದನ್ನು ೨೩೦ಕ್ಕೆ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ. ಎರಡೂ ಬಗೆಯ ತಂತಿ ಇರುವ ಮನೆಯಲ್ಲಿ ಹೋಲ್ಡರುಗಳನ್ನೇ ಬೇರೆ ಬೇರೆ ಬಗೆಯವಾಗಿ ಹಾಕಿಸುವುದು ಕ್ಷೇಮ. ಎರಡನೆಯದು ತಂತಿಯ ದಪ್ಪ. ೧೨ ವೋಲ್ಟಿನಲ್ಲಿ ಅಷ್ಟೇ ವ್ಯಾಟಿಗೆ ೨೩೦ ವೋಲ್ಟಿನಲ್ಲಿ ಹರಿಯುವುದರ ಸುಮಾರು ಇಪ್ಪತ್ತು ಪಟ್ಟು ವಿದ್ಯುತ್ತು ತಂತಿಯಲ್ಲಿ ಹರಿಯಬೇಕಾಗುತ್ತದೆ. ಸಪೂರ ತಂತಿಯಾದರೆ ದಾರಿಯಲ್ಲಿಯೇ ನಷ್ಟ. ಹತ್ತು ಮೀಟರ್ ದೂರಕ್ಕೆ ೧ ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ ೨೪ ವ್ಯಾಟ್ ಒಯ್ದರೆ ನೂರಕ್ಕೆ ಆರರಷ್ಟು ನಷ್ಟವಾಗುತ್ತದೆ, ೨.೫ ಚದರ ಮಿಲಿಮೀಟರಿನದಾದರೆ ಎರಡೂವರೆಯಷ್ಟು. ಬ್ಯಾಟರಿಯನ್ನು ಮನೆಯ ಒಂದು ತುದಿಯಲ್ಲಿಡದೆ, ಗಾಳಿಯಾಡುವ ನಡುಭಾಗದಲ್ಲಿಟ್ಟರೆ ತಂತಿಯೂ ಉಳಿಯುತ್ತದೆ, ನಷ್ಟವೂ ತಗ್ಗುತ್ತದೆ.

ಬೆಳಕು ಬೇಕಾದ ಕಡೆ ಬೆಳಕು

ಒಳ್ಳೆಯ ದೀಪವನ್ನು ತಂದು ತಪ್ಪು ಜಾಗದಲ್ಲಿ ತೂಗುಹಾಕಿದರೆ ಕೊಂಡದ್ದು ವ್ಯರ್ಥ. ದೀಪದಿಂದ ದೂರ ಸರಿದಷ್ಟೂ ಬೆಳಕು ಬಹು ಬೇಗ ಕುಗ್ಗುತ್ತದೆ. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೆಯ ಒಂದು ಪಾಲು. ಮೂರು ಪಟ್ಟಾದರೆ ಒಂಬತ್ತನೆಯ ಒಂದು ಪಾಲು. ಪುಸ್ತಕದಿಂದ ಆರು ಅಡಿ ಮೇಲೆ ತೂಗುವ ದೀಪವನ್ನು ಎರಡು ಅಡಿಗೆ ಇಳಿಸಿದರೆ ಪುಟದ ಮೇಲೆ ಒಂಬತ್ತು ಪಟ್ಟು ಬೆಳಕು ಬಿದ್ದೀತು. ಮಕ್ಕಳ ಓದಿಗೆ ಪುಟದ ಮೇಲೆ ಸುಮಾರು ೩೦೦ ಲಕ್ಸ್ ಬೆಳಕಿದ್ದರೆ ಚೆನ್ನ. ಲಕ್ಸ್ ಎಂದರೆ ಒಂದು ಚದರ ಮೀಟರಿನ ಮೇಲೆ ಬೀಳುವ ಲ್ಯೂಮೆನ್ನುಗಳ ಲೆಕ್ಕ. ೩ ವ್ಯಾಟಿನ ಸಣ್ಣ ಎಲ್‌ಇಡಿಗೆ ಒಂದು ಮರೆ ಕಟ್ಟಿ ಎರಡು ಅಡಿ ಎತ್ತರದಲ್ಲಿಟ್ಟರೆ ಹೆಚ್ಚುಕಡಿಮೆ ಅಷ್ಟು ದೊರೆಯುತ್ತದೆ. ಅದನ್ನೇ ಮಾಳಿಗೆಗೆ ಹೊಡೆದರೆ ಇಪ್ಪತ್ತು ವ್ಯಾಟಿನದೂ ಸಾಲದು.

ಬಲಗೈಯಲ್ಲಿ ಬರೆಯುವ ಮಗುವಿಗೆ ದೀಪ ಎಡಗಡೆಯಿರಲಿ. ಇಲ್ಲವಾದರೆ ಕೈಯ ನೆರಳು ಅಕ್ಷರದ ಮೇಲೆ ಬೀಳುತ್ತದೆ. ಅಡುಗೆಮನೆಯಲ್ಲಿ ದೀಪವನ್ನು ಬೆನ್ನ ಹಿಂದೆ ಹಾಕಿಸುವುದು ನಮ್ಮಲ್ಲಿ ಸಾಮಾನ್ಯ ದೋಷ. ಒಲೆಯ ಮುಂದೆ ನಿಂತ ತಾಯಿ ತನ್ನ ನೆರಳಿನಲ್ಲಿಯೇ ಅಡುಗೆ ಮಾಡಬೇಕಾಗುತ್ತದೆ. ಆ ದೀಪವು ಒಲೆಯ ಮುಂದುಗಡೆ, ಪಕ್ಕಕ್ಕೆ ಇರಬೇಕು. ಗೋಡೆಗೆ ಸುಣ್ಣ ಹೊಡೆಸುವುದೂ ದೀಪ ಕೊಂಡಷ್ಟೇ ಲಾಭದಾಯಕ. ಬಿಳಿಯ ಸುಣ್ಣ ತನ್ನ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ಹಿಂದಿರುಗಿಸುತ್ತದೆ. ಹೊಗೆ ಹಿಡಿದ ಕಪ್ಪು ಗೋಡೆ ಅದನ್ನು ನುಂಗಿಬಿಡುತ್ತದೆ. ನಮ್ಮ ಅಳಿಯನ ಅಡುಗೆಮನೆಯಲ್ಲಿ ದೀಪ ಬದಲಿಸುವ ಮುನ್ನ ನಾವು ಮಾಡಿಸಿದ ಮೊದಲ ಕೆಲಸ ಸುಣ್ಣ ಹೊಡೆಸಿದ್ದು.

ಬೆಳಕಿನ ಬಣ್ಣವನ್ನೂ ಗಮನಿಸಬೇಕು. ದೀಪದ ಪೆಟ್ಟಿಗೆಯ ಮೇಲೆ ೨೭೦೦, ೪೦೦೦, ೬೫೦೦ ಎಂದು ಕೆಲ್ವಿನ್ ಮಾನದಲ್ಲಿ ಸಂಖ್ಯೆಗಳಿರುತ್ತವೆ. ಮೊದಲನೆಯದು ಹಳೆಯ ಬಲ್ಬಿನಂತೆ ಹೊಂಬಣ್ಣದ್ದು, ಕೊನೆಯದು ನೀಲಿ ಬೆರೆತ ಬಿಳುಪು. ಬಿಳುಪು ಹೆಚ್ಚಾದಷ್ಟೂ ಬೆಳಕು ಹೆಚ್ಚೆಂದು ಹಳ್ಳಿಯಲ್ಲಿ ಎಲ್ಲರೂ ೬೫೦೦ನ್ನೇ ಕೇಳುತ್ತಾರೆ. ಅದರಲ್ಲಿ ಕೊಂಚ ಲ್ಯೂಮೆನ್ ಹೆಚ್ಚಿರುವುದು ನಿಜ. ಆದರೆ ನೀಲಿ ಹೆಚ್ಚಿದ ಬೆಳಕು ಮಲಗುವ ಹೊತ್ತಿನಲ್ಲಿ ನಿದ್ರೆಯನ್ನು ಕೆಡಿಸುತ್ತದೆ, ಮಳೆಗಾಲದ ಹುಳುಗಳನ್ನೂ ಹೆಚ್ಚಾಗಿ ಸೆಳೆಯುತ್ತದೆ. ಓದಿಗೂ ಅಡುಗೆಗೂ ೪೦೦೦, ಮಲಗುವ ಕೋಣೆಗೂ ಹೊರಜಗಲಿಗೂ ೨೭೦೦ ನಮಗೆ ಹಿತವಾಗಿ ಕಂಡಿತು. ಬಣ್ಣಗಳನ್ನು ಯಥಾವತ್ತಾಗಿ ತೋರಿಸುವ ಗುಣಕ್ಕೆ ಸಿಆರ್‌ಐ ಎಂಬ ಅಂಕವಿದೆ. ಅದು ಎಂಬತ್ತಕ್ಕೆ ಕಡಿಮೆಯಿರಬಾರದು. ಅಕ್ಕಿಯಲ್ಲಿ ಕಲ್ಲು ಆರಿಸುವವರಿಗೆ, ಬೇಳೆಯಲ್ಲಿ ಹುಳು ನೋಡುವವರಿಗೆ, ಸೀರೆಯ ಅಂಚಿಗೆ ದಾರ ಹೊಂದಿಸುವವರಿಗೆ ಇದರ ಬೆಲೆ ತಿಳಿದೀತು.

ಕೊಳ್ಳುವಾಗ, ಕೊಂಡ ಮೇಲೆ

ಅಂಗಡಿಯವನನ್ನು ಕೇಳಬೇಕಾದ ಪ್ರಶ್ನೆಗಳು ಕೆಲವೇ. ಎಷ್ಟು ಲ್ಯೂಮೆನ್, ಎಷ್ಟು ವ್ಯಾಟ್? ಲ್ಯೂಮೆನ್ ಬರೆಯದ ಪೆಟ್ಟಿಗೆಯನ್ನು ಕೊಳ್ಳದಿರುವುದು ಲೇಸು. ಎಷ್ಟು ವೋಲ್ಟಿನಿಂದ ಎಷ್ಟರವರೆಗೆ ತಾಳುತ್ತದೆ? ೧೨ ವೋಲ್ಟಿನ ಬ್ಯಾಟರಿ ಹೆಸರಿಗೆ ಹನ್ನೆರಡಾದರೂ ಬರಿದಾಗುವಾಗ ಹನ್ನೊಂದರ ಬಳಿಗೆ ಇಳಿಯುತ್ತದೆ, ಬಿಸಿಲಿನಲ್ಲಿ ತುಂಬುವಾಗ ಹದಿನಾಲ್ಕನ್ನು ದಾಟುತ್ತದೆ. ಬರಿಯ ರೆಸಿಸ್ಟರ್ ಇಟ್ಟು ಮಾಡಿದ ಅಗ್ಗದ ದೀಪ ಆ ಏರಿಳಿತವನ್ನು ತಾಳದೆ ಕೆಲವೇ ತಿಂಗಳಲ್ಲಿ ಮಂಕಾಗುತ್ತದೆ. ಒಳಗೆ ಡ್ರೈವರ್ ಎಂಬ ಪುಟ್ಟ ಸರ್ಕಿಟ್ ಇದ್ದು ವಿದ್ಯುತ್ತನ್ನು ಒಂದೇ ಸಮನೆ ಹರಿಸುವಂಥದನ್ನೇ ಕೇಳಿ ಪಡೆಯಬೇಕು. ದೀಪದ ಬೆನ್ನಿಗೆ ಶಾಖವನ್ನು ಹೊರಹಾಕುವ ಲೋಹವಿದೆಯೇ ಎಂದೂ ನೋಡಬೇಕು. ಎಲ್‌ಇಡಿಗೆ ಶಾಖವೇ ಶತ್ರು. ಅದನ್ನು ಗಾಳಿಯಾಡದ ಗಾಜಿನ ಬುರುಡೆಯೊಳಗೆ ಮುಚ್ಚಿದರೆ ಆಯುಷ್ಯ ಕುಗ್ಗುತ್ತದೆ.

ಹಳೆಯ ಸಿಎಫ್‌ಎಲ್‌ಗಳು ಇನ್ನೂ ಉಳಿದಿದ್ದರೆ ಒಂದು ಮಾತು. ಅವುಗಳೊಳಗೆ ಕೆಲವು ಮಿಲಿಗ್ರಾಂ ಪಾದರಸವಿರುತ್ತದೆ. ಒಡೆದರೆ ಕಿಟಕಿ ತೆರೆದು ಸ್ವಲ್ಪ ಹೊತ್ತು ಹೊರಗಿದ್ದು, ಅನಂತರ ಚೂರುಗಳನ್ನು ದಪ್ಪ ಕಾಗದದಿಂದ ಬಾಚಿ ತೆಗೆಯಬೇಕು. ಬರಿಗೈಯಿಂದ ಮುಟ್ಟಬಾರದು, ತಿಪ್ಪೆಗೆ ಎಸೆಯಬಾರದು.

ಚಾರ್ಜ್ ಕಂಟ್ರೋಲರ್ ಎಂಬ ಸಣ್ಣ ಪೆಟ್ಟಿಗೆ ಬ್ಯಾಟರಿ ಬಹಳ ಇಳಿದಾಗ ದೀಪವನ್ನು ತಾನಾಗಿ ಆರಿಸುತ್ತದೆ. ಆಗ ಸಿಟ್ಟಾಗಿ, ಅದನ್ನು ಬದಿಗಿಟ್ಟು ಬ್ಯಾಟರಿಯಿಂದಲೇ ನೇರ ತಂತಿ ಎಳೆಯುವವರಿದ್ದಾರೆ. ಅದು ಬ್ಯಾಟರಿಯನ್ನು ಕೊಲ್ಲುವ ದಾರಿ. ಕಂಟ್ರೋಲರ್ ಪದೇ ಪದೇ ದೀಪ ಆರಿಸುತ್ತಿದ್ದರೆ ದೀಪಗಳ ಲೆಕ್ಕವನ್ನು ಮತ್ತೆ ನೋಡಬೇಕೆಂದು ಅದರ ಅರ್ಥ. ತಿಂಗಳಿಗೊಮ್ಮೆ ಫಲಕವನ್ನು ನೀರಿನಿಂದ ತೊಳೆಯುವುದು, ಅದರ ಮೇಲೆ ಮರದ ನೆರಳು ಬೀಳದಂತೆ ಕೊಂಬೆ ಸವರುವುದು, ಬ್ಯಾಟರಿಗೆ ಬಟ್ಟಿ ಇಳಿಸಿದ ನೀರನ್ನು ಮಾತ್ರ ಹಾಕುವುದು, ದೀಪದ ಧೂಳನ್ನು ಒರೆಸುವುದು, ಇಷ್ಟು ಮಾಡಿದರೆ ಸಾಕು.

ಈ ವಿಷಯದಲ್ಲಿ ನಮ್ಮ ನಾಡಿನ ಅನುಭವವೇ ದೊಡ್ಡ ಪಾಠ. ೧೯೯೫ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸೆಲ್ಕೋ ಸಂಸ್ಥೆ ಹಳ್ಳಿಯ ಬಡ ಮನೆಗಳಿಗೆ ಬ್ಯಾಂಕ್ ಸಾಲದ ನೆರವಿನಿಂದ ಸೌರದೀಪಗಳನ್ನು ಒದಗಿಸುತ್ತ ಬಂದಿತು. ಅದರ ಸ್ಥಾಪಕರಲ್ಲಿ ಒಬ್ಬರಾದ ಹರೀಶ್ ಹಂದೆಯವರಿಗೆ ೨೦೧೧ರಲ್ಲಿ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ದೀಪ ಕೊಳ್ಳುವವನ ಕೆಲಸವೇನು, ಯಾವ ಹೊತ್ತಿಗೆ ಎಲ್ಲಿ ಬೆಳಕು ಬೇಕು ಎಂದು ವಿಚಾರಿಸಿ, ಅದಕ್ಕೆ ತಕ್ಕಂತೆ ವ್ಯವಸ್ಥೆಯನ್ನು ಹೊಂದಿಸುವುದು ಅವರ ಕ್ರಮ. ಮನೆಯೊಳಗೆ ಬಂದು ಅಡುಗೆಮನೆಯನ್ನು ನೋಡದೆ, ಹೆಂಚನ್ನು ಮಾತ್ರ ಅಳೆದು ಹೋಗುವ ಮಾರಾಟಗಾರನಿಂದ ಓದುಗರು ದೂರವಿರಬೇಕು.

ಅದೇ ಫಲಕ, ಅದೇ ಸೂರ್ಯ

ಅಳಿಯನ ಮನೆಯ ಹೆಂಚಿನ ಮೇಲೆ ಇಂದಿಗೂ ಇರುವುದು ೨೦೦೭ರ ಆ ೧೫೦ ವ್ಯಾಟಿನ ಫಲಕವೇ. ಫಲಕ ವರ್ಷದಿಂದ ವರ್ಷಕ್ಕೆ ಅತ್ಯಲ್ಪವಾಗಿ ಸವೆಯುತ್ತದೆಯೇ ಹೊರತು ಬೇಗ ಕೆಡುವುದಿಲ್ಲ. ಇನ್‌ವರ್ಟರ್ ಅಟ್ಟ ಸೇರಿತು. ೧೨೦ ಆಂಪಿಯರ್-ಅವರ್ ಬ್ಯಾಟರಿಯ ಜಾಗದಲ್ಲಿ ೭೫ರದು ಬಂದಿತು. ದೀಪಗಳು ಐದು, ಎಲ್ಲವೂ ಒಟ್ಟಿಗೆ ಉರಿದರೂ ಹತ್ತೊಂಬತ್ತು ವ್ಯಾಟ್ ಮೀರುವುದಿಲ್ಲ. ಮೊಬೈಲ್ ಚಾರ್ಜಿಂಗನ್ನು ಸೇರಿಸಿದರೂ ಬಿಸಿಲಿಲ್ಲದ ಐದು ದಿನಗಳನ್ನು ಅದು ತಳ್ಳುತ್ತದೆ. ಆ ಮೇಲೆ ಅಲ್ಲಿಗೂ ತಂತಿ ಬಂದಿತು. ಆದರೆ ಮಳೆಗಾಲದಲ್ಲಿ ತಂತಿ ಬಿದ್ದಾಗ ಸುತ್ತಲ ಮನೆಗಳವರು ಮೊಬೈಲ್ ಹಿಡಿದು ಬರುವುದು ಅಳಿಯನ ಜಗಲಿಗೇ.

ಕಳೆದ ಬಾರಿ ನಾವು ಹೋದಾಗ ಹೊರಗೆ ಮಳೆ ಸುರಿಯುತ್ತಿತ್ತು, ಊರಿಗೆಲ್ಲ ಕರೆಂಟು ಹೋಗಿತ್ತು. ಕೈ ಸುಟ್ಟುಕೊಂಡಿದ್ದ ಆ ಹುಡುಗಿ ಈಗ ಶಿಕ್ಷಕಿ. ರಜೆಗೆ ತವರಿಗೆ ಬಂದಿದ್ದಳು. ಓದುವ ಮೇಜಿನ ದೀಪವನ್ನು ನಮ್ಮ ಕಡೆಗೆ ಸರಿಸಿ, "ಅಜ್ಜ, ಈ ಬದಿಗೆ ಕೂತ್ಕೊಳ್ಳಿ, ಅಕ್ಷರ ಚೆನ್ನಾಗಿ ಕಾಣುತ್ತೆ" ಎಂದಳು. ಅವಳ ಬೆರಳುಗಳ ಮೇಲಿನ ಕಲೆ ಆ ಬೆಳಕಿನಲ್ಲಿ ಸ್ಪಷ್ಟವಾಗಿ ಕಾಣಿಸಿತು. ಹಾಳೆಯೊಂದರ ಮೇಲೆ ಒಂದು ಗಂಟೆಯ ಲೆಕ್ಕವನ್ನು ಎರಡು ವರ್ಷ ಮೊದಲೇ ಮಾಡಿದ್ದರೆ ಆ ಕಲೆ ಇರುತ್ತಿರಲಿಲ್ಲ.

ಸೌರದೀಪ ಹಾಕಿಸಬೇಕೆಂದಿರುವ ಮನೆಯವರು ಅಂಗಡಿಗೆ ಹೋಗುವ ಮುನ್ನ ಒಂದು ಸಂಜೆ ಮನೆಮಂದಿಯೆಲ್ಲ ಕೂಡಿ ಕುಳಿತು ಆ ಹಾಳೆಯನ್ನು ತಾವೂ ಬರೆಯಲಿ. ಯಾರಿಗೆ ಎಲ್ಲಿ, ಎಷ್ಟು ಹೊತ್ತು, ಯಾವ ಕೆಲಸಕ್ಕೆ ಬೆಳಕು ಬೇಕೆಂದು ಮೊದಲು ಬರೆದು, ಅದಕ್ಕೆ ತಕ್ಕ ದೀಪವನ್ನು ಆರಿಸಲಿ. ಬ್ಯಾಟರಿಯೂ ಫಲಕವೂ ಎಷ್ಟಿರಬೇಕೆಂಬುದನ್ನು ಆ ಹಾಳೆಯೇ ಹೇಳುತ್ತದೆ.